ಫೋನ್ ಪಕ್ಕದ ಕೋಣೆಯಲ್ಲಿರಲಿ

ಜ್ಯೋತ್ಸ್ನಾ ಮತ್ತೆ ಡೈಲಾಗ್ ತಪ್ಪಿದಳು. ನಗಬೇಕಾದ ಕಡೆ ಬಾಯಿ ತೆರೆದು ಹಾಗೇ ಕೂತುಬಿಟ್ಟಳು.

ಲ್ಯಾಪ್‌ಟಾಪಿನ ಪರದೆಯಲ್ಲಿ ಅವಳ ಮುಖ ಸುಣ್ಣದಂತೆ ಬಿಳಿಚಿಕೊಂಡಿದ್ದನ್ನು ಸುಪ್ರೀತಾ ನೋಡಿದಳು. ಇದು ನಾಟಕದ ಹೆದರಿಕೆಯಲ್ಲ. ಇಷ್ಟು ಚೆನ್ನಾಗಿ ನಟಿಸಲು ಬಂದಿದ್ದರೆ ಜ್ಯೋತ್ಸ್ನಾಳಿಗೆ ಪಕ್ಕದ ಮನೆಯವಳ ಪಾತ್ರ ಯಾಕೆ ಸಿಗುತ್ತಿತ್ತು?

ನಾಟಕ ಕನ್ನಡ ಸಂಘಗಳ ದೀಪಾವಳಿಗೆ. ಆಡುವವರು ಮೂವರು, ಊರೂ ಮೂರು. ಸುಪ್ರೀತಾ ಬ್ರಿಸ್ಬೇನಿನ ಟೂವಾಂಗ್‌ನಲ್ಲಿ, ನೆಲಮಹಡಿಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುವವಳು. ಜ್ಯೋತ್ಸ್ನಾ ಅಡಿಲೇಡಿನ ಮಾಡ್ಬರಿಯಲ್ಲಿ, ಗಂಡ ಅಮೋಘನ ಜೊತೆ. ಅನಿಲ ಪರ್ತ್‌ನವನು, ಗಣಿ ಎಂಜಿನಿಯರ್. ಮರುಭೂಮಿಯ ಗಣಿ ಕ್ಯಾಂಪಿನಲ್ಲಿದ್ದೇನೆ, ನೆಟ್‌ವರ್ಕ್ ಸರಿಯಿಲ್ಲ ಎಂದು ಕ್ಯಾಮೆರಾ ಆರಿಸಿ ಬರೀ ದನಿಯಲ್ಲಿ ಸೇರಿಕೊಂಡಿದ್ದ. ನಿರ್ದೇಶಕನೂ ಅವನೇ, ಗಂಡನ ಪಾತ್ರವೂ ಅವನದೇ.

ಕಥೆ ಆರಿಸಿದವನೂ ಅವನೇ. ಬ್ರಿಟಿಷರ ಒಂದು ಹಾಸ್ಯ ಧಾರಾವಾಹಿಯನ್ನು ಅಮೆರಿಕದವರು ತಮ್ಮ ಅಳತೆಗೆ ಹೊಲಿಸಿಕೊಂಡಿದ್ದರು. ಕೆಲವೇ ವಾರಗಳಲ್ಲಿ ಅದು ಮಕಾಡೆ ಮಲಗಿತ್ತು. ಹೆಂಡತಿಯ ಮೇಲೆ ಅನುಮಾನಪಡುವ ಗಂಡನ ಕಥೆ. ಮೂಲದಲ್ಲಿ ಆ ಗಂಡ ಬೆಂಕಿ, ಅಮೆರಿಕದಲ್ಲಿ ಬೆಣ್ಣೆ. ಅದಕ್ಕೇ ಯಾರೂ ನಗಲಿಲ್ಲ, ನಾವು ಬೆಂಕಿಯನ್ನೇ ಇಟ್ಟುಕೊಳ್ಳೋಣ ಎಂದು ಅನಿಲ ಹೇಳಿದ್ದ. ‘ಹೆದರಿಕೆ ಇಲ್ದೆ ಕಾಮಿಡಿ ಎಲ್ಲಿ ಬರುತ್ತೆ ರೀ?’

ಅವನದು ಒಂದೇ ಕಟ್ಟುನಿಟ್ಟು. ರಿಹರ್ಸಲ್ ಮುಗಿಯುವ ತನಕ ಫೋನ್ ಪಕ್ಕದ ಕೋಣೆಯಲ್ಲಿರಬೇಕು. ಇಬ್ಬರೂ ಶಾಲೆಯ ಮಕ್ಕಳಂತೆ ಪಾಲಿಸುತ್ತಿದ್ದರು. ಹಿಂದಿನ ತಿಂಗಳು, ಬ್ರಿಸ್ಬೇನಿಗೇ ಬರುತ್ತೇನೆ, ನಾವಿಬ್ಬರೇ ಕೂತು ಅಭ್ಯಾಸ ಮಾಡೋಣ ಎಂದು ಅವನು ಕೇಳಿದಾಗ ಸುಪ್ರೀತಾ ಖಡಾಖಂಡಿತವಾಗಿ ಬೇಡ ಎಂದಿದ್ದಳು. ಅವನು ನಕ್ಕು ಸುಮ್ಮನಾಗಿದ್ದ. ದೊಡ್ಡ ಮನಸ್ಸಿನವನು ಎಂದುಕೊಂಡಿದ್ದಳು.

ಮೊದಲಿಂದ ಶುರುಮಾಡಿ ಎಂದ ಅನಿಲ. ಅವನ ಒಂದೊಂದು ಮಾತೂ ಎರಡೆರಡು ಸಲ ಕೇಳುತ್ತಿತ್ತು. ಮೊದಲು ಮಂಕಾಗಿ, ಆಮೇಲೆ ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ. ಹಾಳಾದ ನೆಟ್‌ವರ್ಕು, ಇದಕ್ಕೆ ಬೆಂಕಿ ಬೀಳಲಿ ಎಂದು ಸುಪ್ರೀತಾ ಬೈದುಕೊಂಡಳು. ಹೊರಗೆ ಸಂಜೆಯ ಗಿಣಿಗಳು ಮರ ತುಂಬ ಕಿರುಚುತ್ತಿದ್ದವು. ಅನಿಲ ಬಾಯಿ ತೆರೆದಾಗಲೆಲ್ಲ ಆ ಗಲಾಟೆಯೂ ಜೋರಾಗುತ್ತಿತ್ತು.

‘ಸುಪ್ರೀತಾ, ನಿನ್ನ ಮುಖ ಕತ್ತಲೆ ಕತ್ತಲೆ ಕಾಣ್ತಿದೆ,’ ಎಂದಳು ಜ್ಯೋತ್ಸ್ನಾ. ‘ಆ ಕಡೆ ತಿರುಗಿ ಕೂತ್ಕೋ ಕಣೆ.’

ಬಾಲ್ಕನಿಯ ಬೆಳಕು ಬೆನ್ನ ಹಿಂದಿದೆ, ಅದಕ್ಕೇ ಹಾಗೆ, ಇರಲಿ ಬಿಡು ಎಂದಳು ಸುಪ್ರೀತಾ.

‘ತಿರುಗು ಅಂದ್ರೆ ತಿರುಗಬಾರದಾ?’

‘ಮುಖ ಆಮೇಲೆ ನೋಡೋಣ,’ ಎಂದ ಅನಿಲ. ‘ಮೊದ್ಲು ಡೈಲಾಗ್.’

ಜ್ಯೋತ್ಸ್ನಾ ಏಟು ತಿಂದವಳಂತೆ ಬಾಯಿ ಮುಚ್ಚಿದಳು. ಅವಳ ಕಣ್ಣು ಒಂದೇ ಕಡೆ ನೆಟ್ಟಿತ್ತು. ಸುಪ್ರೀತಾಳಿಗೆ ಆಗ ಹೊಳೆಯಿತು. ಅವಳ ಲ್ಯಾಪ್‌ಟಾಪಿನ ಆಚೆ ಯಾರೋ ನಿಂತಿದ್ದಾರೆ. ಯಾರೋ ಏನು, ಅಮೋಘನೇ! ಎಲ್ಲ ಊರಿನ ಸಂಘಗಳೂ ಸೇರಿದ್ದ ಯುಗಾದಿ ಊಟದಲ್ಲಿ ಒಬ್ಬಟ್ಟು ತಣ್ಣಗಿದೆಯೆಂದು ಎಲೆಯನ್ನೇ ತಳ್ಳಿ ಎದ್ದುಹೋದ ಪುಣ್ಯಾತ್ಮ. ಜನರ ಮುಂದೆ ಎಲೆ ತಳ್ಳುವವನು ಮನೆಯೊಳಗೆ ಏನೇನು ತಳ್ಳುತ್ತಾನೋ!

ಸುಪ್ರೀತಾ ಗಂಟಲು ಸರಿಮಾಡಿಕೊಂಡಳು. ‘ಜ್ಯೋತ್ಸ್ನಾ, ಮನೇಲಿ ಯಾರಾದ್ರೂ ಇದ್ದಾರಾ?’

ಜ್ಯೋತ್ಸ್ನಾ ಕಣ್ಣು ಕದಲಿಸಲಿಲ್ಲ. ‘ಹೂಂ ಕಣೆ. ಇದ್ದಾರೆ.’

‘ಏನಾದ್ರೂ ಮಾಡಿದ್ರಾ?’

‘ಇನ್ನೂ ಇಲ್ಲ.’

ನೀರು ಕುಡಿದು ಬರುತ್ತೇನೆ ಎಂದು ಜ್ಯೋತ್ಸ್ನಾ ಎದ್ದಳು. ಕುರ್ಚಿ ಉರುಳಿಬಿತ್ತು. ಓಡಿದ ಸದ್ದು, ಬಾಗಿಲು ಬಡಿದ ಸದ್ದು. ಆಮೇಲೆ ಪರದೆಯಲ್ಲಿ ಖಾಲಿ ಗೋಡೆ ಮಾತ್ರ.

ಸುಪ್ರೀತಾ ಕುರ್ಚಿಯಿಂದ ಅರ್ಧ ಎದ್ದಳು. ಪೊಲೀಸರಿಗೆ ಹೇಳಬೇಕು. ಆದರೆ ನಮ್ಮವರು ಎಲ್ಲಿ ಹೇಳುತ್ತಾರೆ? ಸಂಘದಲ್ಲಿ ಗುಲ್ಲಾಗುತ್ತದೆ, ವೀಸಾಕ್ಕೆ ತೊಡಕಾಗುತ್ತದೆ, ಮೈಸೂರಿನಲ್ಲಿರುವ ಅತ್ತೆಯ ಕಿವಿಗೆ ಬೀಳುತ್ತದೆ. ಮಾನ ಉಳಿಸಿಕೊಳ್ಳಲು ಪ್ರಾಣ ಬಿಡುವ ಮಂದಿ ನಾವು! ಸುಪ್ರೀತಾಳೂ ಅದೇ ಮಂದಿಯ ಮಗಳು. ಅರ್ಧ ಎದ್ದವಳು ಹಾಗೇ ನಿಂತಳು.

‘ಗಂಡ ಹೆಂಡ್ತಿ ವಿಷಯ, ನಮಗ್ಯಾಕೆ?’ ಅನಿಲನ ದನಿ ಮೆತ್ತಗಿತ್ತು. ‘ಕೂತ್ಕೊಳ್ಳಿ ಸುಪ್ರೀತಾ. ನಮ್ಮಿಬ್ರ ಸೀನ್ ಮಾಡೋಣ.’

‘ಅಲ್ಲಿ ಕೊಲೆ ಆದ್ರೂ ನಿಮಗೆ ಸೀನೇ ಮುಖ್ಯನಾ?’

‘ಫೋನ್ ಮುಟ್ಬೇಡಿ.’

ಆ ಮಾತಿನಲ್ಲಿ ನಾಟಕವಿರಲಿಲ್ಲ. ಗಂಡಸು ಗಂಡಸಿನ ಪರವೇ ಎಂದು ಅವಳ ಮೈ ಉರಿಯಿತು. ಸಂಘ ಹಾಳಾಗಿಹೋಗಲಿ. ಹೆಡ್‌ಫೋನ್ ಕಿತ್ತೆಸೆದು ಮಲಗುವ ಕೋಣೆಗೆ ಓಡಿದಳು. ದಿಂಬಿನ ಪಕ್ಕದಲ್ಲಿದ್ದ ಫೋನ್ ಎತ್ತಿಕೊಂಡಳು. ಅವಸರದಲ್ಲಿ ಪಾಸ್‌ವರ್ಡ್ ತಪ್ಪಾಯಿತು. ಮತ್ತೆ ಒತ್ತುವಷ್ಟರಲ್ಲಿ ಅದೇ ರಿಂಗಾಯಿತು.

ಜ್ಯೋತ್ಸ್ನಾ! ಬದುಕಿದ್ದಾಳೆ! ಸುಪ್ರೀತಾಳಿಗೆ ಅಳು ಒತ್ತರಿಸಿ ಬಂತು. ಎಲ್ಲಿದ್ದೀಯ, ಅಮೋಘ ಹೊಡೆದನಾ, ಈಗಲೇ ನಿನ್ನ ಮನೆಗೆ ಪೊಲೀಸರನ್ನು ಕಳಿಸುತ್ತೇನೆ ಎಂದು ಒಂದೇ ಉಸಿರಿನಲ್ಲಿ ಅಂದಳು.

‘ಅಮೋಘ ಆಫೀಸಲ್ಲಿದ್ದಾರೆ ಕಣೆ,’ ಜ್ಯೋತ್ಸ್ನಾ ಏದುಸಿರು ಬಿಡುತ್ತಾ ಹೇಳಿದಳು. ‘ಪೊಲೀಸ್‌ಗೆ ನಾನು ಹೇಳ್ತೀನಿ, ನೀನು ಮುಂದಿನ ಬಾಗಿಲಿಂದ ಓಡು. ಅನಿಲ ನಿನ್ನ ಬಾಲ್ಕನಿಯಲ್ಲಿ ನಿಂತಿದ್ದಾನೆ.’