ಕಪ್ಪು ಪರದೆಯ ಹಿಂದೆ

ತಂಗಿ ಕೀಬೋರ್ಡಿನ ಧೂಳು ಒರೆಸುತ್ತಿದ್ದಳು. ಕಂಪ್ಯೂಟರಿನ ಪರದೆಗೆ ಬೀಗ ಹಾಕಲು ಅಕ್ಕ ಬರೆದ ಸ್ಕ್ರೀನ್ ಲಾಕ್ ಪ್ರೋಗ್ರಾಮಿನಲ್ಲಿ ಒಂದು ದೋಷವಿತ್ತು. ಪರದೆ ಕಪ್ಪಾದ ಮೇಲೂ ಲಾಕ್ ಕೀಬೋರ್ಡನ್ನು ತಡೆಯುವುದು ಒಮ್ಮೊಮ್ಮೆ ತಡವಾಗಿ, ಅಷ್ಟರಲ್ಲಿ ಒತ್ತಿದ ಅಕ್ಷರಗಳು ಹಿಂದೆ ತೆರೆದಿದ್ದ ಪುಟಕ್ಕೆ ಸೋರುತ್ತಿದ್ದವು.

“ಈಗ ಸರಿ ಮಾಡಿದೀನಿ ಕಣೇ. ಕಪ್ಪಾದ ತಕ್ಷಣ ಏನಾದ್ರೂ ಕುಟ್ಟು. ನನ್ನನ್ನ ಬೈದ್ರೂ ಸರಿ, ಯಾರಿಗೂ ಕಾಣಲ್ಲ,” ಎಂದು ಅಕ್ಕ ನಕ್ಕಳು.

ಪರದೆ ಕಪ್ಪಾಯಿತು. ಅಕ್ಕನ ಮಗುವನ್ನು ನೋಡಿಕೊಳ್ಳಲೆಂದು ಶಾಲೆ ಬಿಟ್ಟು ಬಂದಿದ್ದ ತಂಗಿ, ಎಂದೂ ಬಾಯಿಗೆ ಬಾರದ ಮಾತನ್ನು ಸರಸರನೆ ಕುಟ್ಟಿದಳು.

ಅಕ್ಕ ಪಾಸ್‌ವರ್ಡ್ ಹಾಕಿ ಲಾಕ್ ತೆಗೆದಳು. “ಥೂ, ಮತ್ತೆ ಸೋರಿದೆ,” ಎನ್ನುತ್ತ ಅಳಿಸಲು ಹೋದ ಅವಳ ಬೆರಳು ಅಲ್ಲೇ ನಿಂತಿತು. ಒಳಗೆ ಮಗು ಅಳತೊಡಗಿತು. ಇಬ್ಬರೂ ಏಳಲಿಲ್ಲ. ಪುಟದ ಮೇಲೆ ಒಂದೇ ಸಾಲಿತ್ತು:

“ಅಕ್ಕಾ, ನನ್ನನ್ನು ಮತ್ತೆ ಶಾಲೆಗೆ ಕಳಿಸು.”