ಮುಂದಿನ ಚಕ್ರದ ಅಳತೆ

“ಪುಸ್ತಕ ತೆಗೆ,” ಎಂದರು ತಂದೆ.

ಸೈಕಲ್ ಅಂಗಡಿಯ ಹೊಸಿಲು ದಾಟಿದೊಡನೆ ಒಂದು ಮೆಟ್ಟಿಲು ಕೆಳಗಿದೆ. ಮೊದಲ ಸಲ ಬಂದವರೆಲ್ಲ ಅಲ್ಲಿ ಮುಗ್ಗರಿಸುತ್ತಾರೆ. ಅವರೂ ಮುಗ್ಗರಿಸಿದ್ದರು, ಕೈಯಲ್ಲಿದ್ದ ಮುರಿದ ಚಕ್ರ ಗೋಡೆಗೆ ಬಡಿದಿತ್ತು. ಹಿಂದೆಯೇ ಬಂದ ಹೆಂಡತಿ ನೆಲ ನೋಡದೆ ಕಾಲಿಳಿಸಿ, ಬಾಗಿಲ ಪಕ್ಕದ ಸ್ಟೂಲಿನ ಬಳಿ ನಿಂತರು. ಕೂರಲಿಲ್ಲ.

ಮೆಕ್ಯಾನಿಕ್ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದ. ಕೈ ಆಗಲೇ ಒಣಗಿತ್ತು. ಸವಾರರು ಅವನನ್ನು ಕಡ್ಡಿ ಎನ್ನುತ್ತಿದ್ದರು. ಚಕ್ರದ ಕಡ್ಡಿಯಷ್ಟು ಸಣಕಲ ಎಂಬುದು ಒಂದು ಕಾರಣ. ಕಡ್ಡಿ ಮುರಿದಂತೆ ಮಾತಾಡುತ್ತಾನೆ ಎಂಬುದು ಇನ್ನೊಂದು.

ಆ ಪುಸ್ತಕದ ವಿಷಯ ಸವಾರರಿಗೆಲ್ಲ ಗೊತ್ತು. ಚಕ್ರ ಆರಿಸಿದವರು ಅಳತೆಯನ್ನು ತಮ್ಮ ಕೈಯಾರೆ ಅದರಲ್ಲಿ ಬರೆಯಬೇಕು. ರಿಮ್ಮು ಎಷ್ಟು ಅಗಲ, ಕಡ್ಡಿಗಳ ಕಡೆಗೆ ಎಷ್ಟು ಆಳ, ಟೈರು ಎಷ್ಟು ದಪ್ಪ, ಎಲ್ಲ ಮಿಲಿಮೀಟರಿನಲ್ಲಿ. ನಾಳೆ ಯಾರೂ ‘ನೀನೇ ತಲೆಗೆ ಕಟ್ಟಿದೆ’ ಅನ್ನಬಾರದೆಂದು ಅವನು ಮಾಡಿಕೊಂಡ ಕಟ್ಟುಪಾಡು.

ತಂದೆ ಹಾಳೆ ತಿರುವಿದರು. ಮಗಳ ಓರೆ ಅಕ್ಷರ ಸಿಕ್ಕಿತು. ಆಳ ಮುಂದೆ ಮೂವತ್ತೈದು, ಹಿಂದೆ ಐವತ್ತು. ಕೆಳಗೆ ಅವಳದೇ ತಮಾಷೆ: ‘ಗಾಳಿಗೂ ನನಗೂ ಒಪ್ಪಂದ.’ ಅವರು ಅದರ ಮೇಲೆ ಬೆರಳಾಡಿಸಿದರು. ಮುಂದಿನ ಹಾಳೆ ಇರಲಿಲ್ಲ. ಹೊಲಿಗೆಯ ಬಳಿ ಹರಿದ ಅಂಚು ಮಾತ್ರ ಇತ್ತು.

ಅವರು ದರ್ಜಿ. ಕೊರಳಿನ ಟೇಪು ತೆಗೆದು ಮುರಿದ ಚಕ್ರಕ್ಕೆ ಹಿಡಿದರು.

“ಆಳ ಅರವತ್ತೈದು. ಅದೂ ಮುಂದಿನ ಚಕ್ರ. ನಲವತ್ತೆಂಟು ಕೆಜಿ ಇದ್ದಳು ನನ್ನ ಮಗಳು. ಅವಳು ಹೋದ ಮೂರು ತಿಂಗಳಿಂದ ಚಕ್ರಗಳ ವಿಷಯಾನೇ ಓದ್ತಿದ್ದೀನಿ. ಡಿಸ್ಕ್ ಬ್ರೇಕು ರಿಮ್ಮನ್ನ ಹಿಡಿಯೋದಿಲ್ಲ, ಅದಕ್ಕೆ ರಿಮ್ಮು ಎಷ್ಟು ಅಗಲ ಬೇಕಾದ್ರೂ ಮಾಡ್ತಾರೆ. ಅಗಲ ಇರಲಿ, ಒಳ್ಳೇದೇ. ಆದ್ರೆ ಇಷ್ಟು ಆಳ? ಅಡ್ಡಗಾಳಿಗೆ ಹಾಯಿ ಕಟ್ಟಿಕೊಟ್ಟ ಹಾಗೆ! ಇಲ್ಲಿಂದ ಮನೆಗೆ ಬರ್ತಾ ಸೇತುವೆ ಮೇಲೆ ಗಾಳಿ ಅವಳನ್ನ ಎತ್ತಿ ಕಂಬಿಗೆ ಹಾಕ್ತು. ಅಲ್ಲಿ ಗಾಳಿ ಹೇಗಿರುತ್ತೆ ಅಂತ ನಿನಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತು ಸರ್.”

“ಮನೇಲಿ ಈಗ ನಾವಿಬ್ಬರೇ. ಒಬ್ಬರ ಮುಖ ಒಬ್ಬರು ನೋಡ್ಕೊಂಡು ಬದುಕಬೇಕು. ಯಾರು ಅಂತ ಗೊತ್ತಾಗದೆ ಅದೂ ಆಗ್ತಿಲ್ಲ. ಹೇಳು. ಅವಳು ಮೂವತ್ತೈದು ಬರೆದಳು. ಇದನ್ನ ಆರಿಸಿದ್ದು ಯಾರು?”

ಕಡ್ಡಿ ಬಾಗಿಲ ಕಡೆ ನೋಡಿದ, ಓಡಿಹೋಗಲು ದಾರಿ ಹುಡುಕುವವನ ಹಾಗೆ.

“ನಾನೇ ಸರ್. ಗೋಡೇಲಿ ನೇತಾಡ್ತಿತ್ತು. ಬಂದಾಗೆಲ್ಲ ಅವಳು ಅದನ್ನೇ ನೋಡ್ತಾ ನಿಲ್ಲೋಳು. ಹಾಕಿಬಿಟ್ಟೆ.”

“ಮಾರಾಟ ಆಗದ ಮಾಲನ್ನ ನನ್ನ ಮಗಳ ತಲೆಗೆ ಕಟ್ಟಿದೆ. ಈ ಹಾಳೆ?”

“ನಾನೇ ಹರಿದೆ.” ಇದೊಂದನ್ನು ಮಾತ್ರ ಅವನು ಮುಖ ನೋಡಿ ಹೇಳಿದ.

ತಂದೆಯ ಕೈ ಮೇಲೆದ್ದಿತು. ಟೇಪು ಗಾಳಿಯಲ್ಲಿ ತೂಗಾಡಿತು. ಕೈ ತಾನಾಗಿಯೇ ಇಳಿಯಿತು.

“ಸೈಕಲ್ ಒಯ್ಯೋಕೆ ಬಂದಾಗ ಅವಳೇನೂ ಅನ್ನಲಿಲ್ವಾ?”

“ನಕ್ಕಳು ಸರ್. ಹುಟ್ಟಿದ ದಿನ, ಖುಷಿಯಲ್ಲೇ ಬಂದಿದ್ದಳು. ‘ಕಡ್ಡಿಮಾಮ, ಯಾರ ಕಿತಾಪತಿ ಇದು?’ ಅಂದಳು. ಮೊದಲು ಒಂದು ಸುತ್ತು ಓಡಿಸು, ಆಮೇಲೆ ಗೊತ್ತಾಗುತ್ತೆ ಅಂದೆ.”

ಸ್ಟೂಲಿನ ಬಳಿಯಿಂದ ಆಗ ಮೊದಲ ಸಲ ದನಿ ಬಂತು.

“ಇಷ್ಟ ಆಗಿತ್ತಾ ಅವಳಿಗೆ?”

“ತುಂಬಾ ಅಮ್ಮಾ. ಹತ್ತೋ ಮುಂಚೆ ಎರಡು ಸಲ ಚಕ್ರದ ಮೇಲೆ ಕೈಯಾಡಿಸಿದಳು, ಕರುವಿನ ಮೈ ಸವರೋ ಹಾಗೆ.”

“ಅದನ್ನ ಕೇಳೋಕಾ ನಾವು ಬಂದದ್ದು?” ತಂದೆ ಹೆಂಡತಿಯ ಮೇಲೆ ಸಿಡುಕಿದರು. ಆಮೇಲೆ ಕಡ್ಡಿಯತ್ತ ತಿರುಗಿದರು. “ಹೇಳಿದ್ದನ್ನ ಬರೆದುಕೊಡು. ಅವಳ ಜೊತೆ ಓಡಿಸ್ತಿದ್ದ ಅಷ್ಟೂ ಜನಕ್ಕೆ ತೋರಿಸ್ತೀನಿ. ಇನ್ನೊಬ್ಬರು ಈ ಮೆಟ್ಟಿಲು ಇಳೀಬಾರದು.”

ಕಡ್ಡಿ ಗೀಚಿದ ಮೊದಲ ಪದವೇ ಓದಲು ಬರುವಂತಿರಲಿಲ್ಲ. ತಂದೆ ಪೆನ್ನು ಕಿತ್ತು ಹೆಂಡತಿಗೆ ಕೊಟ್ಟರು. “ನೀನು ಬರಿ. ನಿನ್ನ ಅಕ್ಷರ ಯಾರಿಗಾದ್ರೂ ತಿಳಿಯುತ್ತೆ.”

ಆಕೆ ಶಿಶುವಿಹಾರದ ಟೀಚರ್. ಮಕ್ಕಳು ತಿದ್ದಲೆಂದು ಬರೆದಂತೆ ಒಂದೊಂದೇ ಅಕ್ಷರ, ದುಂಡಗೆ, ಬಿಡಿಬಿಡಿಯಾಗಿ ಮೂಡಿತು. ‘ಈ ಚಕ್ರವನ್ನು ಆರಿಸಿದ್ದು’ ಎಂಬಲ್ಲಿಗೆ ಪೆನ್ನು ನಿಂತಿತು. ಆಕೆ ಗಂಡನ ಮುಖ ನೋಡಿದರು. ತುಟಿ ತೆರೆಯಿತು.

“ಬರೀರಿ ಅಮ್ಮಾ,” ಎಂದ ಕಡ್ಡಿ, ಅವಸರದಿಂದ. “ಬೇಡ ಅನ್ನೋಕೆ ನನಗೆ ಬಾಯಿ ಇತ್ತು. ಅನ್ನಲಿಲ್ಲ. ಬರೀರಿ.”

ಆಕೆ ಬರೆದರು. ಅವನು ಸಹಿ ಹಾಕಿದ.

ಚಕ್ರ ಎತ್ತಿಕೊಂಡು ಹೊರಟ ತಂದೆಯ ಕಣ್ಣು ಮಂಜಾಗಿತ್ತು. ಹೆಂಡತಿ ಮೊಣಕೈ ಹಿಡಿದುಕೊಂಡರು. “ಇಲ್ಲಿ ಮೆಟ್ಟಿಲಿದೆ. ನೋಡ್ಕೊಂಡು ಹತ್ತಿ.” ಅವರು ತಮ್ಮ ಭಾರವನ್ನೆಲ್ಲ ಆಕೆಯ ಮೇಲೆ ಬಿಟ್ಟು ಹತ್ತಿದರು.

ಇಬ್ಬರೂ ಬೀದಿಯ ತಿರುವು ದಾಟುವವರೆಗೆ ಕಡ್ಡಿ ನಿಂತೇ ಇದ್ದ. ಆಮೇಲೆ ಅಂಗಿಯ ಜೇಬಿನಿಂದ ಮಡಚಿದ ಹಾಳೆ ತೆಗೆದು ಬಿಡಿಸಿದ.

ಒಂದೊಂದೇ ಅಕ್ಷರ, ದುಂಡಗೆ, ಬಿಡಿಬಿಡಿಯಾಗಿ: ‘ಮುಂದೆಯೂ ಅರವತ್ತೈದು, ಹಿಂದೆಯೂ ಅರವತ್ತೈದು. ಅವಳಿಗೆ ಹೇಳಬೇಡಿ, ಮನೆಗೆ ಬಂದ ಮೇಲೆ ನಾನೇ ಹೇಳುತ್ತೇನೆ.’