ಸ್ವಾಲಾಳ ಹಲ್ಲುನೋವು

"ನನ್ನ ಮಾತ್ರೆ ಕೆಲಸ ಮಾಡ್ತು ನೋಡು," ಎಂದ ಎಗಿಲ್, ಮಾಂಸದ ಸಾರು ಊದಿ ಆರಿಸುತ್ತ. "ಬೆಳಿಗ್ಗೆ ಕೆನ್ನೆ ಹಿಡ್ಕೊಂಡು ಕೂತಿದ್ದ ಹುಡುಗಿ ಈಗ ರೊಟ್ಟಿ ಕಡಿದು ತಿಂತಾ ಇದಾಳೆ."

"ನಿನ್ನ ಮಾತ್ರೆಯಲ್ಲ ಮಾರಾಯ, ನನ್ನ ನಿಂಬೆಪುಡಿ," ಎಂದ ಕೌರಿ. "ನನ್ನ ಶೀತಕ್ಕೆ ಅಂತ ತಂದಿದ್ದನ್ನ ಬಿಸಿನೀರಲ್ಲಿ ಕದಡಿ ಕುಡಿಸಿದೆ. ಒಂಬತ್ತು ಗಂಟೆಗೆ. ಆಮೇಲೆ ಕುದುರೆ ಹೆಂಗೆ ಓಡಿಸಿದಳು ನೋಡ್ಲಿಲ್ವಾ?"

ಬೇಸಿಗೆಯಿಡೀ ಬೆಟ್ಟದಲ್ಲಿ ಮೇಯ್ದ ಕುರಿಗಳನ್ನು ಒಟ್ಟುಮಾಡಿ ಇಳಿಸುವ ಮೂರನೆಯ ದಿನ ಅದು. ಸವಾರರು ಮಧ್ಯಾಹ್ನದ ಊಟಕ್ಕೆ ಜೀಪಿನ ಮಗ್ಗುಲಲ್ಲಿ ಕೂತಿದ್ದರು. ಹದಿಮೂರರ ಸ್ವಾಲಾ ಈ ಕೆಲಸಕ್ಕೆ ಬೆಟ್ಟ ಹತ್ತಿದ್ದು ಇದೇ ಮೊದಲು. ಸಂಜೆ ಮಂದೆ ದೊಡ್ಡಿಗೆ ಇಳಿಯುವಾಗ ಕಣಿವೆಯ ಜನವೆಲ್ಲ ಕಲ್ಲುಗೋಡೆಗೆ ಆತು ನಿಂತು ನೋಡುತ್ತಾರೆ. ಆಗ ಎಲ್ಲರಿಗಿಂತ ಮುಂದಿನ ಕುದುರೆ ತನ್ನದಾಗಿರಬೇಕೆಂದು ಅವಳು ಎರಡು ವರ್ಷದಿಂದ ಹೇಳುತ್ತ ಬಂದಿದ್ದಳು. ಸವಾರರ ಮುಖಂಡ ಸ್ಟೇನಾರ್ ಅವಳ ಅಜ್ಜ. ಬೆಳಗಿನ ಜಾವ ಆತ ಒಂದೇ ಮಾತು ಹೇಳಿದ್ದ: "ನೋವು ಜಾಸ್ತಿಯಾದ್ರೆ ಹೇಳು, ಜೀಪಲ್ಲಿ ಮನೆಗೆ ಕಳಿಸ್ತೀನಿ." ಆಮೇಲೆ ಅವಳು ಅಜ್ಜನ ಹತ್ತಿರ ನೋವಿನ ಮಾತೆತ್ತಿರಲಿಲ್ಲ.

ಸಾರು ಬಡಿಸುತ್ತಿದ್ದ ಗ್ರೋವಾಳ ಸೌಟು ನಿಂತಿತು. "ತಡೀರಿ. ಹತ್ತೂವರೆಗೆ ನಾನೂ ಒಂದು ಕೊಟ್ಟಿದೀನಿ. ಬೆಳಿಗ್ಗೆಯಿಂದ ಏನೂ ತಗೊಂಡಿಲ್ಲ ಅಂದಳು."

"ಹಂಗಾದ್ರೆ ಮೂವರೂ ಡಾಕ್ಟ್ರೇ," ಎಂದು ಕೌರಿ ನಕ್ಕ. ಅವನ ಜೊತೆ ಬೇರೆ ಯಾರೂ ನಗಲಿಲ್ಲ. ಗ್ರೋವಾ ಅವನ ಜೇಬಿನಿಂದ ಪುಡಿಯ ಪೊಟ್ಟಣ ಕಿತ್ತುಕೊಂಡು, ಕನ್ನಡಕ ಏರಿಸಿ, ಹಿಂಬದಿಯ ಸಣ್ಣ ಅಕ್ಷರ ಓದಿದಳು. ಜೀಪಿನ ಔಷಧಿ ಡಬ್ಬಿ ತೆರೆದು ತಾನು ಕೊಟ್ಟ ಮಾತ್ರೆಯ ಹಿಂಬದಿಯನ್ನೂ ಓದಿದಳು. "ಹೆಸರು ಬೇರೆ ಬೇರೆ. ಒಳಗಿರೋದು ಒಂದೇ, ಪ್ಯಾರಸಿಟಮಾಲ್. ಎಗಿಲ್, ನೀನೆಷ್ಟು ಕೊಟ್ಟೆ?"

"ಮಾತ್ರೆ ಪಟ್ಟೀನೇ ಕೊಟ್ಟುಬಿಟ್ಟೆ. ನಾಲ್ಕಿತ್ತು ಅದ್ರಲ್ಲಿ. ಪದೇ ಪದೇ ಯಾರು ಕುದುರೆ ನಿಲ್ಲಿಸ್ತಾರೆ ಅಂತ." ಎಗಿಲ್‌ನ ದನಿ ಸಣ್ಣಗಾಗಿತ್ತು.

ಸ್ವಾಲಾ ಜೇಬಿನಿಂದ ಪಟ್ಟಿ ತೆಗೆದು ಕೊಟ್ಟಳು. ನಾಲ್ಕೂ ಗುಳಿ ಖಾಲಿ. ಹಿಂಬದಿಯಲ್ಲಿ ಅದೇ ಪ್ಯಾರಸಿಟಮಾಲ್. "ಹೋಗಿರಲಿಲ್ಲ ನೋವು," ಎಂದಳು. "ಈಗ ಹೋಗಿದೆ. ಚೆನ್ನಾಗೇ ಇದೀನಿ."

"ಇವತ್ತು ಚೆನ್ನಾಗೇ ಇರ್ತೀಯ ಕಣೇ. ಲಿವರ್ ಕೆಟ್ಟಿದ್ದು ಎರಡು ದಿನ ಬಿಟ್ಟು ಗೊತ್ತಾಗುತ್ತೆ," ಎಂದು ಗ್ರೋವಾ ಫೋನ್ ತೆಗೆದಳು. ಆಗ ಸ್ಟೇನಾರ್ ಬಟ್ಟಲು ಕೆಳಗಿಟ್ಟ. "ಇನ್ನೂ ಎರಡು ಸೇರಿಸು. ಮೊದಲು ಕೊಟ್ಟವನು ನಾನು, ಐದು ಗಂಟೆಗೆ. ನಾನು ನುಂಗೋದು ಎರಡು. ಅವಳೂ ನಮ್ಮ ಹಾಗೇ ಕುದುರೆ ಹತ್ತಿದಾಳಲ್ಲ, ಅಂತ ಎರಡೇ ಕೊಟ್ಟೆ."

ಔಷಧಿ ಹೆಚ್ಚಾದರೆ ಕರೆ ಮಾಡಬೇಕಾದ ನಂಬರು ಡಬ್ಬಿಯ ಮುಚ್ಚಳದ ಒಳಗೇ ಅಂಟಿಸಿತ್ತು. ಗ್ರೋವಾ ಅದನ್ನು ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. ಆಚೆ ಬದಿಯ ಹೆಂಗಸು ಗಡಿಬಿಡಿಯಿಲ್ಲದ ದನಿಯಲ್ಲಿ ಒಂದೊಂದಾಗಿ ಕೇಳಿದಳು. ವಯಸ್ಸು. ಯಾವ ಹೊತ್ತಿಗೆ ಎಷ್ಟು. ಪುಡಿಯ ಹೆಸರೇನು. ವಾಂತಿ ಆಯಿತೇ. ಆಮೇಲೆ, "ತೂಕ ಎಷ್ಟಿದೆ?"

"ಐವತ್ತೆರಡು," ಎಂದಳು ಸ್ವಾಲಾ, ಯಾರೂ ಬಾಯಿ ತೆರೆಯುವ ಮೊದಲೇ.

ಸ್ಟೇನಾರ್ ಎದ್ದು ಬಂದ. ಶರತ್ಕಾಲದಲ್ಲಿ ಮರಿಯ ಬೆನ್ನ ಮೇಲೆ ಕೈಯಾಡಿಸಿ ತೂಕ ಹೇಳುವವನು ಅವನು. ಒಮ್ಮೆ ಒಂದು ಕಿಲೋ ತಪ್ಪಿದ್ದಕ್ಕೆ ಆ ಚಳಿಗಾಲವಿಡೀ ಕಣಿವೆಯ ಜನ ಅವನನ್ನು ಆಡಿಕೊಂಡಿದ್ದರು. ಮೊಮ್ಮಗಳನ್ನು ಮೂರು ದಿನದಿಂದ ಕುದುರೆಯ ಮೇಲೆ ನೋಡಿದ್ದನೇ ಹೊರತು ನೆಲದ ಮೇಲೆ ಸರಿಯಾಗಿ ನೋಡಿರಲಿಲ್ಲ. ಎರಡು ಉಣ್ಣೆಯ ಸ್ವೆಟರು, ಮೇಲೆ ತನ್ನದೇ ಹಳೆಯ ಮಳೆಕೋಟು, ಮೊಣಕಾಲಿನವರೆಗೆ ಬೂಟು. ಕೋಟಿನ ಗುಂಡಿ ಬಿಚ್ಚಿದ. ಅವಳ ಕಂಕುಳಿಗೆ ಎರಡೂ ಕೈ ಕೊಟ್ಟು ಎತ್ತಿದ.

"ಅಜ್ಜಾ, ಬಿಡು. ಎಲ್ಲರೂ ನೋಡ್ತಿದಾರೆ."

ನಿಜಕ್ಕೂ ಎಲ್ಲರೂ ನೋಡುತ್ತಿದ್ದರು. ಅವನ ಮುಖದಲ್ಲಿ ಏನೋ ಕಳಚಿಬಿದ್ದ ಹಾಗಾಯಿತು. ಇಷ್ಟು ಹಗುರ ಇರುತ್ತಾಳೆಂದು ಅವನು ಅಂದುಕೊಂಡಿರಲಿಲ್ಲ. "ಮೂವತ್ತೆಂಟು," ಎಂದು ಫೋನಿನ ಕಡೆ ತಿರುಗಿ ಹೇಳಿದ. "ಬಟ್ಟೆ ಬೂಟು ಬಿಟ್ಟು."

ಆಚೆ ಬದಿಯ ಹೆಂಗಸು ಮತ್ತೆ ಲೆಕ್ಕ ಹಾಕಿದಳು. "ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೊರಡಿ. ರಕ್ತ ಪರೀಕ್ಷೆ ಮಾಡಬೇಕು. ಇದಕ್ಕೆ ಮದ್ದಿದೆ, ಹೊತ್ತೂ ಮೀರಿಲ್ಲ. ಆದ್ರೆ ನಾಳೆಗೆ ಬಿಡಬೇಡಿ."

ಕೌರಿ ಓಡಿಹೋಗಿ ಜೀಪಿನ ಬಾಗಿಲು ತೆಗೆದ. ಕೆಳಗಿನ ಇಳಿಜಾರಿನಲ್ಲಿ ಮಂದೆ ಕಾವಲಿಲ್ಲದೆ ಹರಡತೊಡಗಿತ್ತು. ಅದರ ಕಡೆ ಯಾರೂ ತಿರುಗಲಿಲ್ಲ.

"ಸಂಜೆ ದೊಡ್ಡಿಗೆ..." ಎಂದಳು ಸ್ವಾಲಾ. ಆಮೇಲೆ ಜೀಪಿನ ತೆರೆದ ಬಾಗಿಲು ನೋಡಿ, "ಆಯ್ತು, ಬರ್ತೀನಿ. ನಾನೇ ನಡೀತೀನಿ, ಅಜ್ಜ."

"ನಡೀತೀಯ, ಗೊತ್ತು," ಎಂದ ಸ್ಟೇನಾರ್.

ಅವಳ ಬೂಟುಗಳು ಅವನ ಮೊಣಕಾಲಿನ ಮಟ್ಟದಲ್ಲಿ ಇನ್ನೂ ಗಾಳಿಯಲ್ಲೇ ತೂಗುತ್ತಿದ್ದವು.